ಸೇವಾಸಂಸ್ಥೆಯ ಆಪದ್ಧನ: ಎಷ್ಟು? ಏಕೆ?

ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದಂತಹ ಊರಿನಲ್ಲಿ ಸೇವಾಸಂಸ್ಥೆಯ ಬೊಕ್ಕಸವೂ ಗೂಡಿನ ಧಾರಣೆಯೊಡನೆ ಏರಿಳಿಯುವುದು ಸಹಜ. ಬೆಳೆಗಾರ, ನೂಲು ಬಿಚ್ಚಾಣಿಕೆದಾರ, ವರ್ತಕ ಈ ಮೂವರ ಕೈ ಸಡಿಲವಾಗಿದ್ದಾಗ ದೇಣಿಗೆ ಹರಿದುಬರುತ್ತದೆ. ಧಾರಣೆ ಕುಸಿದಾಗ ಬತ್ತುತ್ತದೆ. 2011ರ ಕೇಂದ್ರ ಮುಂಗಡಪತ್ರವು ಕಚ್ಚಾರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದ ಮೇಲೆ ಗೂಡಿನ ಬೆಲೆ ಬಿದ್ದು ಬೆಳೆಗಾರರು ಕಂಗಾಲಾದರು. ಸುಂಕ ಮತ್ತೆ ಶೇ. 15ಕ್ಕೇರಿದ್ದು 2013ರಲ್ಲಿ. ಇಂತಹ ವರುಷಗಳಲ್ಲಿ ಕೊಡುವವರು ಕಡಿಮೆ, ನೆರವು ಬೇಡುವವರು ಹೆಚ್ಚು. ಆಗ ಕೈಹಿಡಿಯುವುದು ಆಪದ್ಧನ.

ಕೂಡಿಡುವುದು ಸೇವೆಗೆ ವಿರುದ್ಧವಲ್ಲವೇ ಎಂಬ ಪ್ರಶ್ನೆ ಏಳಬಹುದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಲು ಹೇಳಿದ ಪ್ರಸಂಗ ನಮಗೆಲ್ಲ ತಿಳಿದಿದೆ. ಅಗತ್ಯಕ್ಕೆ ಮೀರಿದ್ದು ಆಸೆ ಎಂಬುದು ಅದರ ಸಾರ. ಆದ್ದರಿಂದ ಸಂಸ್ಥೆಯು ಮೊದಲು ಅಗತ್ಯವನ್ನು ಅಳೆಯಬೇಕು. ವರ್ಷದ ಖಾಯಂ ಖರ್ಚು 60,000 ರೂಪಾಯಿ ಎಂದಿಟ್ಟುಕೊಂಡರೆ, ಆರು ತಿಂಗಳಿಗೆ ಸಾಲುವ 30,000 ರೂಪಾಯಿ ಒಂದು ಸಮಂಜಸ ಮಿತಿ. ಅದಕ್ಕೂ ಹೆಚ್ಚು ಉಳಿಸಬೇಕಾದರೆ ಉದ್ದೇಶವನ್ನೂ ಅವಧಿಯನ್ನೂ ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು.

ಕಾನೂನಿನ ಆಶಯವೂ ಇದೇ. ಆದಾಯ ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆಯು ಆದಾಯದಲ್ಲಿ ಶೇ. 85ರಷ್ಟನ್ನು ತನ್ನ ಉದ್ದೇಶಕ್ಕೆ ವಿನಿಯೋಗಿಸಬೇಕು, ಶೇ. 15ನ್ನು ಉಳಿಸಿಕೊಳ್ಳಬಹುದು. ನಿರ್ದಿಷ್ಟ ಕಾರ್ಯಕ್ಕೆಂದು ಮುಂಚಿತವಾಗಿ ತಿಳಿಸಿದರೆ ಐದು ವರ್ಷದವರೆಗೆ ಹೆಚ್ಚು ಕೂಡಿಡಲೂ ಅವಕಾಶವುಂಟು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಾಯಿತ ಸಂಘವು ಪ್ರತಿವರ್ಷವೂ ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸತಕ್ಕದ್ದು.

ಲಯನ್ಸ್ ಕ್ಲಬ್ಬುಗಳಲ್ಲಿ ಒಂದು ಒಳ್ಳೆಯ ನಿಯಮವಿದೆ. ಸಾರ್ವಜನಿಕರಿಂದ ಸೇವೆಗೆಂದು ಸಂಗ್ರಹಿಸಿದ ಹಣವನ್ನು ಆಡಳಿತದ ವೆಚ್ಚಕ್ಕೆ ಬಳಸುವಂತಿಲ್ಲ. ಸಭೆಯ ಉಪಾಹಾರ, ಅಂಚೆ ಇವೆಲ್ಲಕ್ಕೂ ಸದಸ್ಯರ ವಂತಿಗೆಯೇ ಆಧಾರ. ಯಾವ ಸಣ್ಣ ಸಂಘವಾದರೂ ಅನುಸರಿಸಬಹುದಾದ ಪದ್ಧತಿಯಿದು. ಕಣ್ಣಿನ ಶಿಬಿರಕ್ಕೆಂದು ಕೊಟ್ಟ ನೂರು ರೂಪಾಯಿ ಕಣ್ಣಿನ ಶಿಬಿರಕ್ಕೇ ಸೇರಬೇಕು.

ಆಪದ್ಧನವು ಬ್ಯಾಂಕಿನಲ್ಲಿ ಇಬ್ಬರ ಜಂಟಿ ಸಹಿಯೊಡನೆ ಇರಲಿ. ಸದಸ್ಯರ ವ್ಯಾಪಾರಕ್ಕೆ ಕೈಸಾಲವಾಗಿ ಹೋಗುವುದು ಬೇಡ. ಧಾರಣೆ ಕುಸಿದ ವರುಷದಲ್ಲಿ ಆ ಸಾಲವೂ ಹಿಂದಿರುಗದು, ಸಂಸ್ಥೆಯ ಹಣವೂ ಕೈಗೆ ಸಿಗದು. ತೆಗೆದು ಬಳಸಿದ್ದನ್ನು ಮುಂದಿನ ಒಳ್ಳೆಯ ವರುಷದಲ್ಲಿ ತುಂಬುವ ನಿರ್ಣಯವೂ ಆಗಲೇ ಆಗಲಿ.

ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳುವುದು ಅವಿಶ್ವಾಸದ ಗುರುತಲ್ಲ. ಕೇಳುವ ಸದಸ್ಯನೂ ಸಮಾಧಾನದಿಂದ ಉತ್ತರಿಸುವ ಖಜಾಂಚಿಯೂ ಇರುವ ಸಂಸ್ಥೆಗೆ ದಾನಿಗಳ ವಿಶ್ವಾಸ ತಾನಾಗಿಯೇ ಒದಗಿಬರುತ್ತದೆ.