ಪೊಟರೆಯ ಕೆಳಗಿನ ಸಸಿಮಡಿ

ಮೊದಲು ಕೇಳಿಸಿದ್ದು ರೆಕ್ಕೆಯ ಸದ್ದು. ಕುಲುಮೆಯಲ್ಲಿ ಯಾರೋ ತಿದಿ ಒತ್ತಿದ ಹಾಗೆ.

“ಅಲುಗಾಡಬ್ಯಾಡ್ರಿ ಸರ, ಬಂದಾನ ಅಂವ” ಎಂದರು ಜೊತೆಗಿದ್ದ ವಾಚರ್.

ಮಾರ್ಚ್ ತಿಂಗಳ ಬೆಳಗು, ದಾಂಡೇಲಿ ಹತ್ತಿರ ಕಾಳಿ ನದಿಯ ದಂಡೆ. ಎದುರಿಗೆ ಮುದಿ ತಾರೆ ಮರ. ಅದರ ಪೊಟರೆಯೊಳಗೆ ಹೆಣ್ಣು ಮಂಗಟ್ಟೆ ತನ್ನನ್ನು ತಾನೇ ಬಂದಿಯಾಗಿಸಿಕೊಂಡು ಕೂತಿದೆ. ತನ್ನದೇ ಹಿಕ್ಕೆಯನ್ನು ಮೆತ್ತಿ ಬಾಗಿಲು ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟಿದೆ. ಕಪ್ಪು ಬಿಳುಪಿನ ಗಂಡು ಕೊಂಬೆಗೆ ಬಂದು ಕೂತಿತು. ಬರಿಗೊಕ್ಕು! ಏನೂ ತಂದಿಲ್ಲವೇ ಎನ್ನುವಷ್ಟರಲ್ಲಿ ಕತ್ತನ್ನೊಮ್ಮೆ ಕೊಡವಿತು. ಕೊಕ್ಕಿನ ತುದಿಗೆ ಕೆಂಪನೆಯ ಅತ್ತಿಹಣ್ಣೊಂದು ಬಂತು. ಸೀಳಿಗೆ ಒಡ್ಡಿತು, ಒಳಗಿನಿಂದ ಇನ್ನೊಂದು ಕೊಕ್ಕು ಮೆಲ್ಲಗೆ ಕಿತ್ತುಕೊಂಡಿತು. ಮತ್ತೆ ಕತ್ತು ಕೊಡವಿತು, ಮತ್ತೊಂದು ಹಣ್ಣು. ಗಂಟಲೋ, ಕಿರಾಣಿ ಚೀಲವೋ! ಎಣಿಸುತ್ತಿದ್ದ ನನಗೆ ನಡುವೆ ಲೆಕ್ಕ ತಪ್ಪಿತು.

ಗಂಡು ಹಾರಿದ ಮೇಲೆ ಮರದ ಬುಡಕ್ಕೆ ಹೋದೆವು. ಮೇಲೆ ನಡೆಯುವ ಸಂಸಾರಕ್ಕಿಂತ ನೆಲದ ಮೇಲಿನ ಕಸವೇ ನನಗೆ ಹೆಚ್ಚು ಚೆಂದ ಕಂಡಿತು. ಹಿಕ್ಕೆಯ ಬಿಳಿ ಗೆರೆಗಳು, ಒಣಗಿದ ಸಿಪ್ಪೆ, ಹತ್ತಾರು ಬಗೆಯ ಬೀಜ. ಅವುಗಳ ನಡುವೆ ಅಂಗಿಯ ಗುಂಡಿಯಂಥ ಚಪ್ಪಟೆ ಬೂದು ಬೀಜಗಳು, ಮುಟ್ಟಿದರೆ ರೇಷ್ಮೆಯ ನುಣುಪು. ಕಾಸರಕ! ನಾವು ಜಗಿದರೆ ಪ್ರಾಣಕ್ಕೇ ಸಂಚಕಾರ. ಮಂಗಟ್ಟೆಗೆ ಬೇಕಾದದ್ದು ತಿರುಳು, ಬೀಜ ಇಡಿಯಾಗಿಯೇ ಹೊರಗೆ. ಪಕ್ಕದಲ್ಲಿ ಹಿಂದಿನ ಮಳೆಗೆ ಹುಟ್ಟಿದ ಗೇಣುದ್ದದ ಸಸಿಗಳು ನಿಂತಿದ್ದವು.

ಈ ಸಸಿಮಡಿಯಲ್ಲಿ ಹೆಚ್ಚಿನವು ಉಳಿಯುವುದಿಲ್ಲ, ನಿಜ. ಒಂದೇ ಕಡೆ ಗಿಡಿದು ತುಂಬಿದ್ದಕ್ಕೆ ನೆರಳೂ ಶತ್ರು, ಇಲಿಯೂ ಶತ್ರು. ಹಕ್ಕಿಯ ದೊಡ್ಡ ಬೇಸಾಯ ನಡೆಯುವುದು ಹಾರುವ ದಾರಿಯಲ್ಲಿ, ಕೂತೆದ್ದ ಕೊಂಬೆಗಳ ಕೆಳಗೆ. ತಾಯಿಮರದ ಬುಡದಲ್ಲೇ ಬಿದ್ದ ಬೀಜವನ್ನು ಆ ಮರಕ್ಕೇ ಅಂಟಿಕೊಂಡ ಹುಳುಹುಪ್ಪಟೆ, ಬೂಷ್ಟು ಹುಡುಕಿ ಮುಗಿಸುತ್ತವೆ. ದೂರ ಹೋದದ್ದಕ್ಕೇ ಬದುಕುವ ಅವಕಾಶ ಹೆಚ್ಚು. 1970ರಲ್ಲಿ ಡೇನಿಯಲ್ ಜಾನ್ಸೆನ್, ಮರುವರ್ಷ ಜೋಸೆಫ್ ಕನೆಲ್ ಬೇರೆಬೇರೆಯಾಗಿ ಮುಂದಿಟ್ಟ ಈ ವಿವರಣೆ ಉಷ್ಣವಲಯದ ಕಾಡನ್ನು ನೋಡುವ ಕಣ್ಣನ್ನೇ ಬದಲಿಸಿತು. ನಡೆಯಲಾರದ ಮರ ಮಕ್ಕಳನ್ನು ಊರು ಬಿಡಿಸಬೇಕಾದರೆ ಹಣ್ಣಿನ ಲಂಚ ಕೊಡಲೇಬೇಕು.

ಲಂಚ ತಿನ್ನುವವರು ಒಬ್ಬರೇ ಅಲ್ಲ. ಅಣಶಿ ಘಟ್ಟದ ದಾರಿಯಲ್ಲಿ ಮುರಕಲ್ಲಿನ ಹಾಸಿನ ಮೇಲೆ ಬೈನೆ ಬೀಜಗಳ ಗುಪ್ಪೆಯೊಂದು ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಪುನುಗು ಬೆಕ್ಕಿನ ರಾತ್ರಿಯ ಕೆಲಸ. ಬೈನೆ ಹಣ್ಣನ್ನು ಬರಿಗೈಯಲ್ಲಿ ಹಿಚುಕಿದವರಿಗೆ ಗೊತ್ತು ಆ ತುರಿಕೆ. ಬೆಕ್ಕು ಮಾತ್ರ ಹೊಟ್ಟೆ ತುಂಬ ತಿಂದು, ಸೂರ್ಯ ಹುಟ್ಟುವ ಮೊದಲೇ ಪೊಟರೆ ಸೇರಿತ್ತು. ಜಿಂಕೆ, ಕಾಡುಕುರಿಗಳು ನೆಲ್ಲಿಕಾಯಿ ನುಂಗಿ, ಮೆಲುಕು ಹಾಕುವಾಗ ಗೊರಟೆ ಉಗುಳುತ್ತವೆ. ಬಾವಲಿಯದ್ದು, ಆನೆಯದ್ದು ಬೇರೆಯೇ ಕತೆ.

ಎಲ್ಲ ಬೀಜಕ್ಕೂ ಎಲ್ಲರೂ ಆಗಿಬರುವುದಿಲ್ಲ. ರಾಂಪತ್ರೆಯನ್ನೇ ನೋಡಿ. ಕಾಯಿ ಮರದಲ್ಲೇ ಬಿರಿದು, ಬೀಜಕ್ಕೆ ಸುತ್ತಿದ ಬಣ್ಣದ ಪತ್ರೆ ಹೊಳೆಯುತ್ತದೆ. ಪಿಕಳಾರದ ಬಾಯಿಗೆ ಅಷ್ಟು ದೊಡ್ಡ ಬೀಜ ಹಿಡಿಸದು. ಅದನ್ನು ನುಂಗಿ ಒಯ್ಯಬಲ್ಲವು ಮಂಗಟ್ಟೆ, ದೊಡ್ಡ ಕಾಡುಪಾರಿವಾಳದಂಥ ಕೆಲವೇ ಹಕ್ಕಿಗಳು. ಅದೇ ಪತ್ರೆಗೆ ಪೇಟೆಯಲ್ಲೂ ಬೆಲೆಯಿದೆ. ಹಕ್ಕಿಗಿಂತ ಮೊದಲು ದೋಟಿ ಹೋಗುತ್ತದೆ, ಕೆಲವೆಡೆ ಕೊಂಬೆಯೇ ಕೆಳಗೆ ಬರುತ್ತದೆ. ಹಕ್ಕಿ ಹೋದ ಕಾಡು ಮರುದಿನವೇ ಬೋಳಾಗುವುದಿಲ್ಲ. ಹಳೆಯ ಮರಗಳು ನಿಂತೇ ಇರುತ್ತವೆ, ಹಣ್ಣನ್ನೂ ಬಿಡುತ್ತವೆ. ಕೆಳಗೆ ಎಳೆಯರು ಮಾತ್ರ ಇರುವುದಿಲ್ಲ. ಇದನ್ನು ಕಾರಿನ ಕಿಟಕಿಯಿಂದ ಕಂಡುಹಿಡಿಯಲಾಗದು, ಉಪಗ್ರಹ ಚಿತ್ರದಿಂದಲೂ ಕಷ್ಟ.

ಪಶ್ಚಿಮ ಘಟ್ಟದ ನಾಲ್ಕೂ ಬಗೆಯ ಮಂಗಟ್ಟೆಗಳು ದಾಂಡೇಲಿಯ ಕಾಡಿನಲ್ಲಿವೆ. 2011ರಲ್ಲಿ ಕಾಳಿಯ ದಂಡೆಯ ಕಾಡನ್ನು ಸರ್ಕಾರ ಮಂಗಟ್ಟೆಗಳಿಗೆಂದೇ ಸಂರಕ್ಷಿತ ಪ್ರದೇಶವನ್ನಾಗಿ ಘೋಷಿಸಿತು. ಒಳ್ಳೆಯದೇ. ಆದರೆ ಈ ಹಕ್ಕಿಗೆ ಮರ ಕೊರೆಯಲು ಬರದು. ಕೊಂಬೆ ಮುರಿದು, ಒಳಗೆ ಕೊಳೆತು, ತಾನಾಗಿ ಆದ ಪೊಟರೆಯೇ ಬೇಕು. ಅಂಥ ಪೊಟರೆ ಮುದಿಮರಕ್ಕಷ್ಟೇ ಬರುತ್ತದೆ. ಮುದಿಮರ ಕಂಡರೆ ನಮಗೆ ಮೊದಲು ನೆನಪಾಗುವುದು ಸೌದೆ.

ನಿಮ್ಮ ಬೆಟ್ಟದಲ್ಲೋ, ತೋಟದಂಚಿನಲ್ಲೋ ಅಂಥದೊಂದು ಮರವಿದ್ದರೆ, ಗರಗಸ ಇಡುವ ಮೊದಲು ಬೇಸಿಗೆಯಲ್ಲೊಮ್ಮೆ ಅದರ ಬುಡ ನೋಡಿ. ಹಿಕ್ಕೆಯ ಬಿಳಿ ಗೆರೆಯೂ ಬಗೆಬಗೆಯ ಬೀಜವೂ ಬಿದ್ದಿದ್ದರೆ ಮೇಲೆ ಬಾಣಂತಿಯಿದ್ದಾಳೆ. ಸದ್ದು ಮಾಡದೆ ವಾಪಸು ಬನ್ನಿ.