ಐವತ್ತಮೂರನೆಯ ಹೆಸರು

90 ಮಂದಿಯಲ್ಲಿ 53 ಮಂದಿಯನ್ನು ಎಷ್ಟು ಬಗೆಯಲ್ಲಿ ಆರಿಸಬಹುದು? ಶಾಲೆಯಲ್ಲಿ ಕ್ರಮಯೋಜನೆ, ವಿಕಲ್ಪಗಳ ಪಾಠ ಓದಿದವರು ಸೂತ್ರ ಹಾಕಿ ನೋಡಬಹುದು. ಉತ್ತರ ಹೆಚ್ಚುಕಡಿಮೆ 25 ಬರೆದು ಅದರ ಮುಂದೆ 24 ಸೊನ್ನೆ. ಭೂಮಿಯ ಮೇಲಿರುವ 800 ಕೋಟಿ ಜನರೂ ಒಟ್ಟಿಗೆ ಕೂತು, ಊಟ ನಿದ್ದೆ ಬಿಟ್ಟು, ತಲಾ ಸೆಕೆಂಡಿಗೊಂದು ಪಟ್ಟಿಯಂತೆ ಬರೆಯುತ್ತಾ ಹೋದರೂ ಎಲ್ಲ ಪಟ್ಟಿಗಳು ಮುಗಿಯಲು 10 ಕೋಟಿ ವರ್ಷ ಬೇಕು. 10 ಕೋಟಿ ವರ್ಷಗಳ ಹಿಂದೆ ಈ ನೆಲದ ಮೇಲೆ ಡೈನೋಸಾರ್‌ಗಳು ಓಡಾಡುತ್ತಿದ್ದವು.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಪ್ರತಿ ತಂಡವೂ ಪ್ರತಿ ಆಗಸ್ಟ್‌ನಲ್ಲಿ ಈ ರಾಶಿಯಿಂದ ಒಂದೇ ಒಂದು ಪಟ್ಟಿಯನ್ನು ಎತ್ತಿಕೊಳ್ಳಬೇಕು. ನಾವು ಇಲ್ಲಿ ಫುಟ್‌ಬಾಲ್ ಎನ್ನುವ ಕಾಲ್ಚೆಂಡಿನ ಆಟ ಇದಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎಸೆದು, ಹೊತ್ತು ಓಡಿ, ಎದುರಾಳಿಯನ್ನು ಕೆಡವಿ ಗಜಗಜವಾಗಿ ನೆಲ ಗೆಲ್ಲುವ ಆಟ. ಜುಲೈ ಕೊನೆಗೆ ತರಬೇತಿ ಶಿಬಿರ ತೆರೆದಾಗ ಒಂದು ತಂಡದಲ್ಲಿ 90 ಆಟಗಾರರಿರುತ್ತಾರೆ. ಆಗಸ್ಟ್ ಕೊನೆಯ ವಾರದ ಒಂದು ಮಂಗಳವಾರ ಸಂಜೆ ನಾಲ್ಕು ಗಂಟೆಯೊಳಗೆ ಅವರು 53 ಆಗಿರಬೇಕು. 2023ರಿಂದ ಇದು ಒಂದೇ ಏಟಿಗೆ ನಡೆಯುತ್ತದೆ. ಅದಕ್ಕೆ ಮುಂಚೆ ಎರಡು ಮೂರು ಕಂತಿನಲ್ಲಿ ಕಡಿತ ಮಾಡಿದ ವರ್ಷಗಳೂ ಇದ್ದವು. 2025ರಲ್ಲಿ ಆ ಗಡುವು ಆಗಸ್ಟ್ 26ರಂದು ಬಿತ್ತು. ಆಗ ನಮ್ಮಲ್ಲಿ ನಡುರಾತ್ರಿ ಕಳೆದು ಒಂದೂವರೆ ಗಂಟೆ.

ಒಂದು ತಂಡಕ್ಕೆ 37 ಮಂದಿ ಹೊರಗೆ. 32 ತಂಡಗಳಿಗೆ ಗುಣಿಸಿ: 1,184. ಗಾಯಾಳುಗಳ ಪಟ್ಟಿಗೆ ಸೇರಿ ಉಳಿದುಕೊಳ್ಳುವ ಕೆಲವರನ್ನು ಕಳೆದರೂ, ಒಂದು ಮಧ್ಯಾಹ್ನದೊಳಗೆ ಒಂದೇ ವೃತ್ತಿಯ ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಳ್ಳುತ್ತಾರೆ. ಐಪಿಎಲ್‌ನ ಹತ್ತೂ ತಂಡಗಳು ತಲಾ 25ರ ಪೂರ್ತಿ ಮಿತಿ ತುಂಬಿಸಿಕೊಂಡರೆ ಒಟ್ಟು ಆಟಗಾರರು 250. ಅಂಥ ನಾಲ್ಕು ಐಪಿಎಲ್‌ಗಳು ಒಂದೇ ಸಂಜೆ ಬಾಗಿಲು ಹಾಕಿದಷ್ಟು ದೊಡ್ಡ ಕಡಿತ ಇದು, ಪ್ರತಿ ವರ್ಷ.

ಈ ಕಡಿತದ ಬಗ್ಗೆ ಅಭಿಮಾನಿಗಳು ಆಗಸ್ಟ್ ಪೂರ್ತಿ ವಾದ ಮಾಡುತ್ತಾರೆ. ವಾದದ ಕಾವು ನೋಡಬೇಕೆಂದರೆ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಊರಿಗೆ ಹೋಗಬೇಕು. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 1,07,000. ಹೆಚ್ಚೆಂದರೆ ನಮ್ಮ ಚಿಕ್ಕಮಗಳೂರಿನಷ್ಟು ಊರು. ಆ ಊರಿನ ಲ್ಯಾಂಬೋ ಫೀಲ್ಡ್ ಕ್ರೀಡಾಂಗಣದಲ್ಲಿ 81,441 ಆಸನಗಳಿವೆ. ಬೆಂಗಳೂರಿನ ಚಿನ್ನಸ್ವಾಮಿಯ ಸುಮಾರು ಎರಡು ಪಟ್ಟು. ಇಡೀ ಊರು ಎದ್ದು ಬಂದರೆ ನಾಲ್ಕರಲ್ಲಿ ಮೂರು ಪಾಲು ಜನ ಅಲ್ಲೇ ಕೂರಬಹುದು. ಆದರೆ ಜಾಗ ಸಿಗುವುದಿಲ್ಲ. 1960ರಿಂದ ಸೀಸನ್ ಟಿಕೆಟ್‌ಗಳೆಲ್ಲ ಮಾರಾಟವಾಗಿಯೇ ಇವೆ, ಟಿಕೆಟ್‌ಗೆ ಕಾಯುವವರ ಪಟ್ಟಿಯಲ್ಲಿ 1,40,000ಕ್ಕೂ ಹೆಚ್ಚು ಹೆಸರುಗಳಿವೆ. ಊರಿನಲ್ಲಿರುವ ಜನಕ್ಕಿಂತ ಸರದಿಯಲ್ಲಿ ನಿಂತ ಜನವೇ ಜಾಸ್ತಿ. ಹುಟ್ಟಿದ ಮಗುವಿನ ಹೆಸರನ್ನು ಆ ಪಟ್ಟಿಗೆ ಬರೆಸುವ ಅಪ್ಪ ಅಮ್ಮಂದಿರಿದ್ದಾರೆ. 2025ರ ಏಪ್ರಿಲ್‌ನಲ್ಲಿ ಲೀಗ್‌ನ ಹೊಸ ಆಟಗಾರರ ಆಯ್ಕೆ ಇದೇ ಊರಿನಲ್ಲಿ ನಡೆದಾಗ ಮೂರು ದಿನಗಳ ಹಾಜರಿ ಒಟ್ಟು 6,00,000 ಎಂದು ಲೆಕ್ಕ ಹಾಕಿದರು. ಪಂದ್ಯ ಅಲ್ಲ, ಚೆಂಡು ಇಲ್ಲ. ವೇದಿಕೆಯ ಮೇಲೆ ಹೆಸರು ಓದುವುದನ್ನು ಕೇಳಲು ಬಂದ ಜನ ಅದು.

1919ರಲ್ಲಿ ಒಂದು ಮಾಂಸ ಸಂಸ್ಕರಣೆ ಕಂಪನಿ ಸಮವಸ್ತ್ರಕ್ಕೆಂದು ಕೊಟ್ಟ 500 ಡಾಲರಿನಿಂದ ಶುರುವಾದ ಗ್ರೀನ್ ಬೇ ಪ್ಯಾಕರ್ಸ್‌ಗೆ ಒಬ್ಬ ಶ್ರೀಮಂತ ಮಾಲೀಕ ಇಲ್ಲ. ಅದರ ಷೇರುದಾರರು 5,38,000ಕ್ಕೂ ಹೆಚ್ಚು. ಲೀಗ್‌ನ 32 ತಂಡಗಳಲ್ಲಿ ಇಂಥದ್ದು ಇದೊಂದೇ. 2021–22ರಲ್ಲಿ ಕೊನೆಯ ಬಾರಿ ಷೇರು ಮಾರಿದಾಗ ಒಂದರ ಬೆಲೆ 300 ಡಾಲರ್. ಆ ಷೇರಿಗೆ ಲಾಭಾಂಶ ಬರುವುದಿಲ್ಲ, ಮಾರುಕಟ್ಟೆಯಲ್ಲಿ ಮಾರಲು ಬರುವುದಿಲ್ಲ, ಟಿಕೆಟ್‌ನ ಸರದಿಯಲ್ಲಿ ಒಂದು ಹೆಜ್ಜೆಯೂ ಮುಂದೆ ಸರಿಯಲಾಗುವುದಿಲ್ಲ. ಹಾಗಿದ್ದೂ ಜನ ಕೊಂಡರು. ಐದು ಲಕ್ಷಕ್ಕೂ ಹೆಚ್ಚು ಮಾಲೀಕರಿರುವ ಈ ತಂಡದಲ್ಲಿ 53 ಹೆಸರುಗಳ ಬಗ್ಗೆ ಮತ ಹಾಕುವ ಹಕ್ಕು ಅವರಲ್ಲಿ ಒಬ್ಬರಿಗೂ ಇಲ್ಲ. ಅವರು ನಿರ್ದೇಶಕ ಮಂಡಳಿಯನ್ನು ಆರಿಸಬಹುದು, ಅಷ್ಟೆ. ಪಟ್ಟಿ ಮಾಡುವುದು ಜನರಲ್ ಮ್ಯಾನೇಜರ್. 2018ರಿಂದ ಆ ಕುರ್ಚಿಯಲ್ಲಿ ಬ್ರಯಾನ್ ಗುಟೆಕುನ್ಸ್ಟ್ ಇದ್ದಾರೆ. ಮತ ಇಲ್ಲದ ಮಾಲೀಕರಿಗೆ ಉಳಿದಿರುವುದು ಮಾತು. ಅದನ್ನು ಅವರು ಮನಸಾರೆ ಆಡುತ್ತಾರೆ, ಆಡಬೇಕು ಕೂಡ.

ವಾದ ನಡೆಯುವುದು ಮೇಲಿನ ಹೆಸರುಗಳ ಬಗ್ಗೆ ಅಲ್ಲ. ಸುಮಾರು 45 ಮಂದಿಯ ಜಾಗ ಶಿಬಿರ ಶುರುವಾಗುವ ಮೊದಲೇ ಗಟ್ಟಿ ಎಂದುಕೊಳ್ಳೋಣ. ಇನ್ನು 25 ಮಂದಿಗೆ ಅವಕಾಶ ತೀರಾ ಕಡಿಮೆ ಎಂದೂ ಇಟ್ಟುಕೊಳ್ಳೋಣ. ನಡುವೆ ಉಳಿಯುವವರು 20, ಅವರಿಗಿರುವ ಜಾಗ 8. ಬ್ರಹ್ಮಾಂಡದಂಥ ಆ ಮೊದಲ ಸಂಖ್ಯೆ ಈಗ ಕುಗ್ಗಿ 1,25,970ಕ್ಕೆ ಇಳಿಯುತ್ತದೆ. ಇಷ್ಟು ಇಳಿದರೂ, ಗ್ರೀನ್ ಬೇಯ ಒಬ್ಬೊಬ್ಬ ನಿವಾಸಿಗೂ ಬೇರೆಬೇರೆಯದೇ ಒಂದು ಪಟ್ಟಿ ಹಂಚಬಹುದು, ಆಮೇಲೂ ಪಟ್ಟಿಗಳು ಮಿಗುತ್ತವೆ. ಇಬ್ಬರು ಅಭಿಮಾನಿಗಳ ಪಟ್ಟಿ ಪೂರ್ತಿ ಹೊಂದಿಕೊಂಡರೆ ಅದೇ ಆಶ್ಚರ್ಯ.

ಪ್ರಶ್ನೆಗಳು ಸಣ್ಣವಲ್ಲ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಇಬ್ಬರು ಸಾಕೆ, ಮೂವರು ಬೇಕೆ? ಮೂರನೆಯವನು ಇಡೀ ವರ್ಷ ಒಂದು ಚೆಂಡೂ ಎಸೆಯದೆ ಕೂರಬಹುದು. ಅವನಿಗೆ ಕೊಟ್ಟ ಜಾಗ ಬೇರೆ ಒಬ್ಬನ ಕೈತಪ್ಪಿದ ಜಾಗ. ಆ ಎಸೆತ ಹಿಡಿಯುವ ರಿಸೀವರ್‌ಗಳು ಐದೋ, ಆರೋ, ಏಳೋ? ಆರನೆಯವನು ಚೆಂಡು ಹಿಡಿಯುವುದರಲ್ಲಿ ಎಷ್ಟೇ ಚೆನ್ನಾಗಿರಲಿ, ಕಿಕ್ ಆದಾಗ ಓಡಿಹೋಗಿ ಎದುರಾಳಿಯನ್ನು ಕೆಡವಲು ಬಾರದಿದ್ದರೆ ಅವನ ಬದಲು ಆ ಕೆಲಸ ಬಲ್ಲ ಇನ್ನೊಬ್ಬ ಉಳಿಯುತ್ತಾನೆ. ಚೆಂಡನ್ನು ಒದೆಯಲು ಕಿಕ್ಕರ್ ಒಬ್ಬ, ಪಂಟರ್ ಒಬ್ಬ, ಇವರಿಬ್ಬರಿಗೂ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯುವುದಕ್ಕೆಂದೇ ಒಬ್ಬ. ಆ ಮೂರು ಜಾಗ ಮುಟ್ಟುವಂತಿಲ್ಲ. 53ರಲ್ಲೂ ಪಂದ್ಯದ ದಿನ ಸಮವಸ್ತ್ರ ತೊಡುವವರು ಹೆಚ್ಚೆಂದರೆ 48.

ಇದರ ಮೇಲೆ ವೇವರ್ ಎಂಬ ನಿಯಮ. ನಾಲ್ಕು ಋತು ಪೂರೈಸದ ಆಟಗಾರನನ್ನು ಕೈಬಿಟ್ಟರೆ ಒಂದು ದಿನದ ಮಟ್ಟಿಗೆ ಉಳಿದ 31 ತಂಡಗಳಲ್ಲಿ ಯಾವುದು ಬೇಕಾದರೂ ಅವನನ್ನು ಕೇಳಿ ಪಡೆಯಬಹುದು. ಯಾರೂ ಕೇಳದಿದ್ದರೆ ಹಳೆಯ ತಂಡವೇ ಅವನನ್ನು ಅಭ್ಯಾಸ ತಂಡಕ್ಕೆ, ಅಂದರೆ ಪ್ರಾಕ್ಟೀಸ್ ಸ್ಕ್ವಾಡ್‌ಗೆ, ಮರಳಿ ಕರೆಯಬಹುದು. ಆಗಸ್ಟ್ ಕೊನೆಯ ಅರ್ಧ ವಾದ ಇದೇ: ಈ ಹುಡುಗನನ್ನು ಬಿಟ್ಟರೆ ನಾಳೆ ಸಿಗುತ್ತಾನೋ, ಇಲ್ಲವೋ. ಅಭ್ಯಾಸ ತಂಡದಲ್ಲಿ ಸಾಮಾನ್ಯವಾಗಿ 16 ಜಾಗ. 32 ತಂಡಗಳಿಗೆ 512. ಹೊರಬಿದ್ದ 1,184ರಲ್ಲಿ ಅಷ್ಟೂ ಜಾಗ ತುಂಬಿದರೂ 672 ಮಂದಿ ಮನೆಗೆ.

ಒಂದು ಗೆರೆಯ ಆಚೆ ಈಚೆ ಎಷ್ಟು ಅಂತರ? 2025ರಲ್ಲಿ 53ರೊಳಗೆ ವರ್ಷಪೂರ್ತಿ ಉಳಿದ ಹೊಸ ಆಟಗಾರನ ಕನಿಷ್ಠ ಸಂಬಳ 8,40,000 ಡಾಲರ್, ನಮ್ಮ ಲೆಕ್ಕದಲ್ಲಿ 7 ಕೋಟಿ ರೂಪಾಯಿಯ ಮೇಲೆ. ಅಭ್ಯಾಸ ತಂಡದ ಹೊಸಬನಿಗೆ ವಾರಕ್ಕೆ 13,000 ಡಾಲರ್. 18 ವಾರವೂ ಉಳಿದರೆ 2,34,000. ಅದೂ ಯಾವ ವಾರ ಬೇಕಾದರೂ ನಿಲ್ಲಬಹುದು. 53ನೆಯವನಿಗೂ 54ನೆಯವನಿಗೂ ನಡುವೆ ಹೀಗೆ ಆರು ಲಕ್ಷ ಡಾಲರಿನ ಕಂದಕ. ಅವರಿಬ್ಬರ ಆಟದಲ್ಲಿ ಅಷ್ಟು ವ್ಯತ್ಯಾಸ ಇರುವುದು ಸಾಧ್ಯವೇ ಇಲ್ಲ.

ಆ ವ್ಯತ್ಯಾಸ ತೋರಿಸಲು ಅವರಿಗೆ ಸಿಗುವ ಸಮಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗಾಗಿಸುತ್ತದೆ. ಋತುವಿಗೆ ಮುಂಚಿನ ಪಂದ್ಯಗಳು ಈಗ ಬಹುತೇಕ ತಂಡಗಳಿಗೆ ಮೂರೇ. ಒಂದು ಪಂದ್ಯದಲ್ಲಿ ಒಂದು ತಂಡ ಚೆಂಡು ಹಿಡಿದು ಆಡುವುದು ಸುಮಾರು 60 ಸಲ. ಒಂದೊಂದು ಸಲದ ಆಟ ನಾಲ್ಕೈದು ಸೆಕೆಂಡಿಗೆ ಮುಗಿಯುತ್ತದೆ. ಅಂಚಿನಲ್ಲಿರುವ ಹುಡುಗನಿಗೆ ಪ್ರತಿ ಪಂದ್ಯದಲ್ಲಿ 30 ಅವಕಾಶ ಸಿಕ್ಕಿತೆನ್ನಿ. ಮೂರು ಪಂದ್ಯಕ್ಕೆ 90. ಸೆಕೆಂಡುಗಳನ್ನು ಕೂಡಿದರೆ ಏಳು ನಿಮಿಷದ ಆಸುಪಾಸು. ಹತ್ತು ಲಕ್ಷಕ್ಕೂ ಹೆಚ್ಚು ಹುಡುಗರು ಹೈಸ್ಕೂಲಿನಲ್ಲಿ ಈ ಆಟ ಆಡುತ್ತಾರೆ. ಕಾಲೇಜು ಮುಗಿಸಿ ಲೀಗ್‌ನ ಆಯ್ಕೆಗೆ ಅರ್ಹರಾಗುವವರು ವರ್ಷಕ್ಕೆ ಸುಮಾರು 16,000. 2025ರ ಆಯ್ಕೆಯಲ್ಲಿ ಹೆಸರು ಓದಿಸಿಕೊಂಡವರು 257. ಹತ್ತು ಹನ್ನೆರಡು ವರ್ಷದ ದುಡಿಮೆ ಈ ಜರಡಿಗಳನ್ನೆಲ್ಲ ದಾಟಿ ಕೊನೆಗೆ ಜನರ ಕಣ್ಣಿಗೆ ಕಾಣುವುದು ಏಳು ನಿಮಿಷ.

ಗ್ರೀನ್ ಬೇಯಲ್ಲಿ ಅಭಿಮಾನಿಗಳು ಅದಕ್ಕಿಂತ ಹೆಚ್ಚು ನೋಡುತ್ತಾರೆ, ಅದು ಅವರ ಹೆಗ್ಗಳಿಕೆ. ಶಿಬಿರದ ಹಲವು ಅಭ್ಯಾಸಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಊರಿನ ಮಕ್ಕಳು ತಮ್ಮ ಸೈಕಲ್‌ಗಳನ್ನು ಆಟಗಾರರಿಗೆ ಕೊಡುತ್ತಾರೆ. ನೂರು ಕಿಲೋ ತೂಗುವ ಆಳು ಪುಟ್ಟ ಸೈಕಲ್ ತುಳಿಯುತ್ತಾ ಮೈದಾನಕ್ಕೆ ಹೋಗುವಾಗ ಹುಡುಗ ಅವನ ಹೆಲ್ಮೆಟ್ ಹಿಡಿದು ಪಕ್ಕದಲ್ಲಿ ಓಡುತ್ತಾನೆ. ದಶಕಗಳಿಂದ ನಡೆದುಬಂದ ಪದ್ಧತಿ. ತಿಂಗಳ ಕೊನೆಗೆ ಆ ಆಳಿನ ಹೆಸರು ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ಆ ಹುಡುಗನ ಮನೆಯಲ್ಲಿ ಚರ್ಚೆ ಆಗದೆ ಇರುತ್ತದೆಯೆ?

ಆ ಊರಿನ ಶಿಬಿರದಿಂದ ಹೊರಬಿದ್ದವರಲ್ಲಿ ಕರ್ಟ್ ವಾರ್ನರ್ ಒಬ್ಬ. 1994ರಲ್ಲಿ ಬಂದ, ಯಾವ ತಂಡವೂ ಆಯ್ಕೆಯಲ್ಲಿ ಕರೆಯದ ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಬ್ರೆಟ್ ಫಾರ್ವ್, ಮಾರ್ಕ್ ಬ್ರುನೆಲ್, ಟೈ ಡೆಟ್ಮರ್ ಇದ್ದರು. ಋತು ಶುರುವಾಗುವ ಮೊದಲೇ ಕೈಬಿಟ್ಟರು. ವಾರ್ನರ್ ಅಯೋವಾದ ಸೀಡರ್ ಫಾಲ್ಸ್‌ಗೆ ಮರಳಿ, ಸೂಪರ್‌ಮಾರ್ಕೆಟ್ ಒಂದರಲ್ಲಿ ಗಂಟೆಗೆ 5.50 ಡಾಲರಿಗೆ ರಾತ್ರಿಪಾಳಿಯಲ್ಲಿ ಕಪಾಟುಗಳಿಗೆ ಸಾಮಾನು ಜೋಡಿಸಿದ. ಆಮೇಲೆ ಒಳಾಂಗಣ ಲೀಗ್, ಆಮೇಲೆ ಯುರೋಪಿನ ಲೀಗ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್, ಆಮೇಲೆ ಸೇಂಟ್ ಲೂಯಿಸ್ ರ‍್ಯಾಮ್ಸ್‌ನಲ್ಲಿ ಹಿಂದಿನ ಸಾಲು. 1999ರ ಆಗಸ್ಟ್‌ನಲ್ಲಿ, ಇದೇ ಋತುಪೂರ್ವ ಪಂದ್ಯವೊಂದರಲ್ಲಿ, ಆ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಮಂಡಿಗೆ ಗಂಭೀರ ಗಾಯ ಮಾಡಿಕೊಂಡ. ವಾರ್ನರ್ ಒಳಬಂದು ಆ ವರ್ಷ 4,353 ಗಜ ಎಸೆದ, 41 ಟಚ್‌ಡೌನ್ ಕೊಡಿಸಿದ, ಲೀಗ್‌ನ ಅತ್ಯುತ್ತಮ ಆಟಗಾರನಾದ, ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ 414 ಗಜ ಎಸೆದು ಪ್ರಶಸ್ತಿ ಗೆದ್ದ. 2017ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

ಹಾಗೆಂದು ಗ್ರೀನ್ ಬೇ ತಪ್ಪು ಮಾಡಿತು ಎನ್ನಲು ನಾನು ಒಪ್ಪುವುದಿಲ್ಲ. ಅವರು ಉಳಿಸಿಕೊಂಡ ಫಾರ್ವ್ 1995, 1996, 1997ರಲ್ಲಿ ಸಾಲಾಗಿ ಮೂರು ವರ್ಷ ಲೀಗ್‌ನ ಅತ್ಯುತ್ತಮ ಆಟಗಾರ. ನಡುವೆ ಸೂಪರ್ ಬೌಲ್ ಕೂಡ ತಂದುಕೊಟ್ಟ. ಇಬ್ಬರು ಮಹಾನ್ ಆಟಗಾರರು ಒಂದೇ ಶಿಬಿರದಲ್ಲಿದ್ದರು, ಜಾಗ ಒಂದೇ ಇತ್ತು. ಜಾಗ ಮಾಡಿಕೊಟ್ಟ ಕಡೆ ಏನಾಯಿತು ಎನ್ನುವುದಕ್ಕೂ ದಾಖಲೆ ಇದೆ. 2000ದಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅಪರೂಪಕ್ಕೆ ನಾಲ್ವರು ಕ್ವಾರ್ಟರ್‌ಬ್ಯಾಕ್‌ಗಳನ್ನು ಇಟ್ಟುಕೊಂಡಿತು. ನಾಲ್ಕನೆಯವನು ಆಯ್ಕೆಯಲ್ಲಿ 199ನೆಯವನಾಗಿ ಬಂದವನು, ಆ ವರ್ಷ ಎಸೆದದ್ದು ಮೂರೇ ಚೆಂಡು. ಹೆಸರು ಟಾಮ್ ಬ್ರೇಡಿ. ಮುಂದೆ ಏಳು ಸೂಪರ್ ಬೌಲ್ ಗೆದ್ದ.

ಪಟ್ಟಿಯ ಬಾಲದ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎಂದು ಕೇಳುವವರಿಗೆ ನಾನು ತೋರಿಸುವುದು ಪ್ಯಾಕರ್ಸ್‌ನ 2010ರ ಋತುವನ್ನು. ಆ ವರ್ಷ ಅವರ 15 ಆಟಗಾರರು ಗಾಯಗೊಂಡು ಋತುವಿನಿಂದಲೇ ಹೊರಗುಳಿದರು. ತಂಡ ಹತ್ತು ಗೆದ್ದು ಆರು ಸೋತು, ತನ್ನ ಗುಂಪಿನ ಕೊನೆಯ ಅರ್ಹತಾ ಸ್ಥಾನ ಹಿಡಿದು ಪ್ಲೇಆಫ್‌ಗೆ, ಅಂದರೆ ನಾಕೌಟ್ ಸುತ್ತಿಗೆ, ತೂರಿಕೊಂಡಿತು. ಫಿಲಡೆಲ್ಫಿಯಾದಲ್ಲಿ ಕೊನೆಯ ಗಳಿಗೆಯಲ್ಲಿ ಎದುರಾಳಿಯ ಎಸೆತವನ್ನು ಕಸಿದು 21–16ರ ಗೆಲುವು ಉಳಿಸಿದವನು ಟ್ರಮಾನ್ ವಿಲಿಯಮ್ಸ್. ಮುಂದಿನ ವಾರ ಅಟ್ಲಾಂಟಾದಲ್ಲಿ ಎರಡು ಎಸೆತ ಕಸಿದು, ಅದರಲ್ಲೊಂದನ್ನು 70 ಗಜ ಹೊತ್ತು ಓಡಿ ಅಂಕವಾಗಿಸಿದವನೂ ಅವನೇ. 2006ರಲ್ಲಿ ಯಾರೂ ಆಯ್ಕೆ ಮಾಡದ, ಹ್ಯೂಸ್ಟನ್ ತಂಡ ಕೊನೆಯ ಕಡಿತದಲ್ಲಿ ಕೈಬಿಟ್ಟ, ಗ್ರೀನ್ ಬೇ ತನ್ನ ಅಭ್ಯಾಸ ತಂಡಕ್ಕೆ ಕರೆದುಕೊಂಡ ಹುಡುಗ ಆತ. ಷಿಕಾಗೋದಲ್ಲಿ ಎರಡು ಎಸೆತ ಕಸಿದು 21–14ಕ್ಕೆ ಬೀಗ ಹಾಕಿದವನು ಸ್ಯಾಮ್ ಶೀಲ್ಡ್ಸ್. ಅವನನ್ನೂ ಯಾವ ತಂಡ ಆಯ್ಕೆ ಮಾಡಿರಲಿಲ್ಲ. ಕಾಲೇಜಿನಲ್ಲಿ ಬಹುಪಾಲು ರಿಸೀವರ್ ಆಗಿ ಆಡಿ, ಎಸೆತ ತಡೆಯುವ ರಕ್ಷಣೆಯ ಜಾಗಕ್ಕೆ ಕೊನೆಯ ವರ್ಷವಷ್ಟೇ ಬದಲಾದವನು. ಆ ಆಗಸ್ಟ್‌ನಲ್ಲಿ ಅವನನ್ನು 53ರಲ್ಲಿ ಉಳಿಸಿಕೊಂಡಿದ್ದರು. 2011ರ ಫೆಬ್ರವರಿ 6ರಂದು ಪಿಟ್ಸ್‌ಬರ್ಗ್ ವಿರುದ್ಧ 31–25ರಿಂದ ಗೆದ್ದು ಪ್ಯಾಕರ್ಸ್ ತನ್ನ 13ನೇ ಪ್ರಶಸ್ತಿ ಎತ್ತಿಕೊಂಡಿತು.

ಕೋಟಿ ಡಾಲರ್‌ಗಳ ತಾರೆಯರು ಬೇಡವೆಂದು ಇದರರ್ಥವಲ್ಲ. ಆ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಇದ್ದ. ಆದರೆ ತಾರೆಯರ ಬಗ್ಗೆ ವಾದ ಇರುವುದಿಲ್ಲ. ಅವರ ಹೆಸರನ್ನು ಯಾರು ಬೇಕಾದರೂ ಬರೆಯಬಹುದು. ತಂಡ ನಡೆಸುವವರ ಬುದ್ಧಿ, ಅಭಿಮಾನಿಗಳ ಕಣ್ಣು ಎರಡೂ ಪರೀಕ್ಷೆಗೆ ಬೀಳುವುದು ಕೊನೆಯ ಎಂಟು ಹೆಸರುಗಳಲ್ಲಿ. ಮುಂದಿನ ಆಗಸ್ಟ್ ಕೊನೆಯಲ್ಲಿ ನಿಮ್ಮ ಕಣ್ಣಿಗೂ ಇಂಥ ಒಂದು ಪಟ್ಟಿ ಬಿದ್ದರೆ, ಕೆಳಗಿನಿಂದ ಮೇಲಕ್ಕೆ ಓದಿ. ಆ ಎಂಟರಲ್ಲಿ ನಿಮಗೆ ಸರಿಯೆನಿಸಿದ ಒಬ್ಬನ ಹೆಸರನ್ನು ಬರೆದಿಟ್ಟುಕೊಂಡು, ಫೆಬ್ರವರಿಯವರೆಗೆ ಅವನ ಆಟವನ್ನು ಹಿಂಬಾಲಿಸಿ.