ರೋಹಿಣಿಯ ಒಡಲು: ನಕ್ಷತ್ರಗಳಲ್ಲಿ ಧಾತುಗಳ ಚಲನೆ

ಕರ್ನಾಟಕದ ಕೃಷಿಕ ಜನಪದರು ಮಳೆಗಾಲವನ್ನು ನಕ್ಷತ್ರಗಳ ಹೆಸರಿನಲ್ಲಿ ಎಣಿಸುತ್ತಾರೆ. ಮೇ ತಿಂಗಳ ಕೊನೆಯ ವಾರದಲ್ಲಿ ಸೂರ್ಯನು ರೋಹಿಣಿಯನ್ನು ಪ್ರವೇಶಿಸಿದ ಮೇಲೆ ಬೀಳುವುದು ರೋಹಿಣಿ ಮಳೆ. ರೋಹಿಣಿ ಎಂಬ ಪದವೇ ಕೆಂಪು ಬಣ್ಣವನ್ನು ಸೂಚಿಸುತ್ತದೆ. ವೃಷಭ ರಾಶಿಯ ಈ ನಕ್ಷತ್ರ ಪಾಶ್ಚಾತ್ಯರ ಆಲ್ಡೆಬರಾನ್. ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿರುವ ಕೆಂಪು ದೈತ್ಯ. ಆ ಕೆಂಪು ಅದರ ವೃದ್ಧಾಪ್ಯದ ಗುರುತು. ಇಂಥ ನಕ್ಷತ್ರದ ಹೊರಮೈಯನ್ನು ಮಾತ್ರ ಕಾಣಬಲ್ಲ ವಿಜ್ಞಾನಿಗಳು ಅದರ ಒಡಲನ್ನು ಅರಿಯುವ ಬಗೆ ಗಮನಾರ್ಹವಾದುದು.

ಸೂರ್ಯನ ಗರ್ಭದಲ್ಲಿ ಜಲಜನಕವು ಹೀಲಿಯಂ ಆಗಿ ಮಾರ್ಪಡುತ್ತಿದ್ದರೂ ಆ ಹೀಲಿಯಂ ಹೊರಮೈಗೆ ಬರುವುದಿಲ್ಲ. ಗರ್ಭದ ಶಾಖವು ವಿಕಿರಣವಾಗಿ ಮೇಲೇರುತ್ತದೆ. ದ್ರವ್ಯ ಬಹುಮಟ್ಟಿಗೆ ಇದ್ದಲ್ಲೇ ಉಳಿಯುತ್ತದೆ. ಅನ್ನದ ಎಸರಿನಂತೆ ಅನಿಲವು ಕುದಿದು ಮೇಲುಕೆಳಗಾಗುವುದು ತ್ರಿಜ್ಯದ ಹೊರಗಿನ ಸುಮಾರು ಶೇ. 30 ಭಾಗದಲ್ಲಿ ಮಾತ್ರ. ಗರ್ಭದ ಜಲಜನಕ ತೀರಿದಾಗ ಈ ಸ್ಥಿತಿ ಬದಲಾಗುತ್ತದೆ. ಗರ್ಭ ಕುಗ್ಗುತ್ತದೆ, ಹೊರಕವಚ ಹಿಗ್ಗುತ್ತದೆ, ಕುದಿತವು ಆಳಕ್ಕೆ ಇಳಿಯುತ್ತದೆ. ಅಲ್ಲಿನ ಬಿಸಿ ಪದರಗಳಲ್ಲಿ ಇಂಗಾಲ-12ರ ಒಂದು ಪಾಲು ಆಗಲೇ ಇಂಗಾಲ-13 ಮತ್ತು ಸಾರಜನಕವಾಗಿ ಮಾರ್ಪಟ್ಟಿರುತ್ತದೆ. ಕುದಿತವು ಅವನ್ನು ಮೇಲಕ್ಕೆ ತರುತ್ತದೆ.

ಇದರ ಸಾಕ್ಷ್ಯ ರೋಹಿತದಲ್ಲಿದೆ. ಸೂರ್ಯನಲ್ಲಿ ಒಂದು ಇಂಗಾಲ-13 ಪರಮಾಣುವಿಗೆ ಸುಮಾರು 90 ಇಂಗಾಲ-12 ಪರಮಾಣುಗಳಿದ್ದರೆ, ರೋಹಿಣಿಯ ಹೊರಮೈಯಲ್ಲಿರುವುದು ಸುಮಾರು 10 ಮಾತ್ರ. ಆದರೆ ಕುದಿತವೊಂದನ್ನೇ ಲೆಕ್ಕಹಾಕಿದರೆ ಈ ಸಂಖ್ಯೆ 20ಕ್ಕಿಂತ ಕೆಳಗಿಳಿಯಬಾರದು. ಎಂದರೆ, ಕುದಿತದ ಎಲ್ಲೆಯ ಕೆಳಗೂ ಮತ್ತೊಂದು ಮಿಶ್ರಣ ನಡೆದಿರಬೇಕು.

2006ರಲ್ಲಿ ಎಗಲ್ಟನ್, ಡಿಯರ್‌ಬಾರ್ನ್ ಮತ್ತು ಲಟಾಂಜಿಯೊ ಇದಕ್ಕೊಂದು ಕಾರಣ ಸೂಚಿಸಿದರು. ಎರಡು ಹೀಲಿಯಂ-3 ಬೀಜಗಳು ಕೂಡಿದಾಗ ಒಂದು ಹೀಲಿಯಂ-4 ಮತ್ತು ಎರಡು ಪ್ರೋಟಾನ್‌ಗಳು ಹುಟ್ಟುತ್ತವೆ. ಎರಡು ಕಣಗಳಿದ್ದಲ್ಲಿ ಮೂರಾಗುತ್ತವೆ. ಇದರಿಂದ ಆ ಪದರದ ಕಣಗಳ ಸರಾಸರಿ ತೂಕ ಮೇಲಿನ ಪದರಕ್ಕಿಂತ ತುಸು ಕಡಿಮೆಯಾಗುತ್ತದೆ. ಹಗುರವಾದುದು ಏರುತ್ತದೆ, ಭಾರವಾದುದು ಇಳಿಯುತ್ತದೆ. ಆದರೆ ಈ ಮಿಶ್ರಣದ ವೇಗ ಸಾಕಷ್ಟಿದೆಯೇ ಎಂಬ ಚರ್ಚೆ ಮುಗಿದಿಲ್ಲ.

ಪ್ರಶ್ನೆ ಚಿಕ್ಕದಲ್ಲ. ಮುಂದಿನ ಹಂತಗಳಲ್ಲಿ ಅನೇಕ ನಕ್ಷತ್ರಗಳು ಗರ್ಭದ ಬಳಿ ಹುಟ್ಟಿದ ಹೊಸ ಇಂಗಾಲವನ್ನೂ ಭಾರಧಾತುಗಳನ್ನೂ ಹೊರಮೈಗೆ ತರುತ್ತವೆ. 1952ರಲ್ಲಿ ಪಾಲ್ ಮೆರಿಲ್ ಕೆಲವು ಕೆಂಪು ದೈತ್ಯಗಳಲ್ಲಿ ಟೆಕ್ನೀಷಿಯಂ ಧಾತುವನ್ನು ಗುರುತಿಸಿದರು. ಅದಕ್ಕೆ ಸ್ಥಿರ ರೂಪವೇ ಇಲ್ಲ. ಆದ್ದರಿಂದ ಅದು ಆ ನಕ್ಷತ್ರಗಳ ಒಡಲಲ್ಲೇ ಹುಟ್ಟಿ ಮೇಲೆ ಬಂದಿರಬೇಕು. ಹೀಗೆ ಮೇಲೆ ಬಂದ ಧಾತುಗಳೇ ನಕ್ಷತ್ರಮಾರುತದೊಡನೆ ಬಾಹ್ಯಾಕಾಶ ಸೇರಿ ಮುಂದಿನ ನಕ್ಷತ್ರಗಳಿಗೂ ಗ್ರಹಗಳಿಗೂ ದ್ರವ್ಯವಾಗುತ್ತವೆ. ಮಿಶ್ರಣವಿಲ್ಲದಿದ್ದರೆ ಅವುಗಳಲ್ಲಿ ಬಹುಪಾಲು ಹುಟ್ಟಿದಲ್ಲೇ ಉಳಿಯುತ್ತಿದ್ದವು.